ನಾಲ್ಕನೇ ಸಾಲು

ನಾನು ಚಿಕ್ಕವನಿದ್ದಾಗಿನ ಒಂದು ದಿನದ ಕತೆ ಹೇಳುತ್ತೇನೆ, ಮಕ್ಕಳೇ. ಆದರೆ ಪೂರ್ತಿ ನಂಬಬೇಡಿ. ಆ ದಿನ ಮಂಗಳವಾರ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದೆ. ಅಕ್ಕ ಮಾತ್ರ ಶುಕ್ರವಾರ ಅನ್ನುತ್ತಾಳೆ. ಯೋಚಿಸಿದರೆ ಅವಳೇ ಸರಿ. ಅವತ್ತು ದೇವಸ್ಥಾನದಲ್ಲಿ ನಾವು ಹಚ್ಚಿದ್ದು ರಾಹುಕಾಲದ ದೀಪ. ಮಂಗಳವಾರದ ರಾಹುಕಾಲ ಮಧ್ಯಾಹ್ನ ಮೂರಕ್ಕೆ ಶುರು. ಆಗ ದೇವಸ್ಥಾನಕ್ಕೆ ಹೋಗಿದ್ದರೆ, ಅಲ್ಲಿಂದ ಮುಂದೆ ನನ್ನನ್ನು ಕರೆದುಕೊಂಡು ಹೋದ ಜಾಗ ಬಾಗಿಲು ಹಾಕಿರುತ್ತಿತ್ತು. ಶುಕ್ರವಾರದ ರಾಹುಕಾಲವಾದರೆ ಬೆಳಿಗ್ಗೆಯೇ. ಹೀಗೆ ವಾರವನ್ನು ಮರೆತೆ, ಮೋಸವನ್ನು ಮರೆಯಲಿಲ್ಲ.

ಕತ್ರಿಗುಪ್ಪೆ ಆಗ ಹಳ್ಳಿ. ಈಗ ನಮ್ಮ ಬಾಡಿಗೆ ಮನೆಗಳು ನಿಂತಿರುವ ಜಾಗದಲ್ಲಿ ಅಪ್ಪ ದಂಟಿನ ಸೊಪ್ಪು, ಕೊತ್ತಂಬರಿ ಬೆಳೆಯುತ್ತಿದ್ದ. ಊರಿನ ಸರ್ಕಾರಿ ಸ್ಕೂಲಿಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ನಾಲ್ಕು ಕ್ಲಾಸುಗಳೆಂದರೆ ನೆಲದ ಮೇಲೆ ಹಾಸಿದ ನಾಲ್ಕು ಉದ್ದನೆಯ ಚಾಪೆಗಳು. ಕಿಟಕಿಯ ಕಡೆ ಒಂದನೇ ಸಾಲು, ಬಾಗಿಲ ಕಡೆ ನಾಲ್ಕನೇ ಸಾಲು. ಅಲ್ಲಿ ಪಾಸು, ಫೇಲು ಅಂತ ದೊಡ್ಡ ಗಲಾಟೆ ಇರಲಿಲ್ಲ. ನಿಮ್ಮ ಸಾಲಿನ ಲೆಕ್ಕಗಳು ನಿಮಗೆ ಬಂದರೆ ಮೇಷ್ಟ್ರು ಸ್ಲೇಟು ನೋಡಿ, ಬೆತ್ತದ ತುದಿಯಿಂದ ಪಕ್ಕದ ಚಾಪೆ ತೋರಿಸಿ, "ಜರುಗೋ ಆ ಕಡೆ" ಅನ್ನುತ್ತಿದ್ದರು. ಕೂತಲ್ಲಿಂದಲೇ ಚಡ್ಡಿ ಸವೆಸಿಕೊಂಡು ಜರುಗಿಬಿಡುವುದು, ಅಷ್ಟೇ. ಎರಡನೇ ಕ್ಲಾಸಿನ ವಯಸ್ಸಿಗೆ ನಾನು ಮೂರನೇ ಚಾಪೆಗೆ ಬಂದಿದ್ದೆ. ಜತೆಯವರು ಗುಣಿಸುವಾಗ ನನ್ನ ಕಿವಿ ನಾಲ್ಕನೇ ಸಾಲಿನ ಭಾಗಾಕಾರದ ಮೇಲಿರುತ್ತಿತ್ತು.

ನಾಲ್ಕನೇ ಸಾಲಿನಲ್ಲಿ ಅಕ್ಕ ಇದ್ದಳು. ಅವಳ ಪಕ್ಕ ಕೂರಬೇಕು ಅನ್ನುವುದೇ ನನ್ನ ಜೀವದ ಆಸೆ. ಅಕ್ಕ ತನ್ನ ಪಕ್ಕದಲ್ಲಿ ಸ್ಲೇಟು ಅಡ್ಡ ಇಟ್ಟು, "ಇದು ನಮ್ ಹುಡುಗನ ಜಾಗ, ಯಾರೂ ಕೂರ್ಬೇಡ್ರೋ" ಎಂದು ಎಲ್ಲರಿಗೂ ಗದರುತ್ತಿದ್ದಳು. ಮೇಷ್ಟ್ರು ನಗುತ್ತ, ದೀಪಾವಳಿ ಕಳೆದ ಮೇಲೆ ಜರುಗುವೆಯಂತೆ ಎಂದಿದ್ದರು.

ದೀಪಾವಳಿ ಕಳೆಯಿತು. ಆ ಶುಕ್ರವಾರ ಬೆಳಿಗ್ಗೆ ಅಕ್ಕ ನನ್ನ ತಲೆಗೆ ಹರಳೆಣ್ಣೆ ತಟ್ಟಿ, ಬಾಚಣಿಗೆಯಿಂದ ನೆತ್ತಿ ಉರಿಯುವ ಹಾಗೆ ಬಾಚಿದಳು. ಹಬ್ಬದ ಅಂಗಿ ಹಾಕಿದಳು. ಅದರಲ್ಲಿ ಇನ್ನೂ ಗಂಜಿಯ ವಾಸನೆ ಇತ್ತು.

"ಎಲ್ಲಿಗೆ?" ಎಂದೆ.

"ಬನಶಂಕರಿಗೆ. ನಿಂಬೆಹಣ್ಣಿನ ದೀಪ ಹಚ್ಚೋಕೆ. ಬರ್ತಾ ಅಪ್ಪ ದೋಸೆ ಕೊಡಿಸ್ತಾನೆ." ಅವಳು ನನ್ನ ಮುಖ ನೋಡಲಿಲ್ಲ ಎಂದು ನನಗೆ ನೆನಪು. ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ಅಪ್ಪ ಸೈಕಲ್ಲಿನ ಮುಂದಿನ ಕಂಬಿಗೆ ಟವೆಲು ಸುತ್ತಿ ನನ್ನನ್ನು ಕೂರಿಸಿಕೊಂಡ. ದೇವಸ್ಥಾನದಲ್ಲಿ ರಸ ಹಿಂಡಿದ ನಿಂಬೆ ಹೋಳನ್ನು ಒಳಹೊರಗು ತಿರುಗಿಸಿ ಬಟ್ಟಲು ಮಾಡಿ, ತುಪ್ಪ ಹಾಕಿ ಬತ್ತಿ ಇಟ್ಟೆವು. ಸಿಪ್ಪೆ ಸುಡುವ ಒಗರು ವಾಸನೆ, ಹೊಗೆ, ಹೆಂಗಸರ ಬಳೆ ಸದ್ದು. ಅಪ್ಪ ಕಣ್ಣು ಮುಚ್ಚಿ ತುಂಬ ಹೊತ್ತು ನಿಂತ. ನಾನೂ ಕಣ್ಣು ಮುಚ್ಚಿ ನಾಲ್ಕನೇ ಸಾಲನ್ನು ಬೇಡಿಕೊಂಡೆ. ಅದೇ ದೀಪದ ಮುಂದೆ, ನನ್ನ ಪಕ್ಕದಲ್ಲೇ, ಅಪ್ಪ ಇನ್ನೊಂದು ಸ್ಕೂಲಿನ ಸೀಟು ಬೇಡಿಕೊಳ್ಳುತ್ತಿದ್ದ.

ಸೈಕಲ್ಲು ಊರಿನ ಕಡೆ ತಿರುಗಲಿಲ್ಲ. ಜಯನಗರದ ಅಗಲವಾದ ಹೊಸ ರಸ್ತೆಗಳಲ್ಲಿ ಹೋಯಿತು. ದೋಸೆಗೆ ಅಂದುಕೊಂಡೆ. ನಿಂತದ್ದು ಒಂದು ಕಬ್ಬಿಣದ ಗೇಟಿನ ಮುಂದೆ. ಒಳಗೆ ಎಲ್ಲ ಮಕ್ಕಳ ಕಾಲಲ್ಲೂ ಕಪ್ಪು ಬೂಟು. ಆ ಗೇಟಿನ ಹತ್ತಿರ, ತಮ್ಮ ಸೈಕಲ್ಲು ಹಿಡಿದುಕೊಂಡು, ಅವತ್ತು ಸ್ಕೂಲಿಗೆ ರಜೆ ಕೊಟ್ಟು ಬಂದ ನಮ್ಮ ಮೇಷ್ಟ್ರು ಕಾಯುತ್ತಿದ್ದರು. ನನಗೆ ಖುಷಿಯೇ ಆಯಿತು. ಓಡಿ ಹೋಗಿ ಅವರ ಕೈ ಹಿಡಿದೆ. ಅವರು ಅಪ್ಪನಿಗೆ, "ಒಳಗೆ ಮಾತಾಡಿದೀನಿ, ಹೋಗಿ" ಅಂದರು. ಆಗ ತಿಳಿಯಿತು.

ಒಳಗೆ ಕನ್ನಡಕದ ಮೇಡಂ ಒಬ್ಬರು ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೇಳಿದರು. ಅದನ್ನು ಮೇಷ್ಟ್ರು ಕಲಿಸಿದ್ದರು, ಹೇಳಿದೆ. ಒಂದು ಭಾಗಾಕಾರ ಕೊಟ್ಟರು. ಪೆನ್ಸಿಲ್ಲು ಕೆಳಗಿಡುವ ಮೊದಲೇ ಅವರ ಹುಬ್ಬು ಮೇಲೇರಿತ್ತು. ಆಮೇಲೆ ಒಂದು ಚಿತ್ರ ತೋರಿಸಿ ಏನಿದು ಎಂದರು. ಕೊಡೆ ಎಂದೆ. ಇಂಗ್ಲಿಷಿನಲ್ಲಿ ಎಂದರು. ಸುಮ್ಮನಾದೆ. ಕುದುರೆ, ಬಾಳೆಹಣ್ಣು, ಬೆಕ್ಕು ಎಲ್ಲಕ್ಕೂ ಸುಮ್ಮನಾದೆ.

"ಹುಡುಗ ತುಂಬಾ ಚುರುಕು. ಆದ್ರೆ ಇಂಗ್ಲಿಷ್ ಇಲ್ವಲ್ಲ. ಫಸ್ಟ್ ಸ್ಟ್ಯಾಂಡರ್ಡಿಗೇ ಕೂರಿಸ್ಬೇಕಾಗುತ್ತೆ."

ನಾನು ಅಪ್ಪನನ್ನು ನೋಡಿದೆ. ಸೊಪ್ಪಿನ ಒಂದು ಕಟ್ಟಿಗೆ ಸಂತೆಯವರ ಜತೆ ಅರ್ಧ ಗಂಟೆ ಚೌಕಾಸಿ ಮಾಡುವ ಅಪ್ಪ. ಒಂದು ಮಾತಾಡುತ್ತಾನೆ ಎಂದು ಕಾದೆ.

"ಆಗ್ಲಿ ತಾಯಿ, ಎಲ್ಲಾದ್ರೂ ಕೂರ್ಸಿ" ಅಂದ.

ಹೊರಗೆ ಬಂದಾಗ ನಾನು ಮೇಷ್ಟ್ರ ಕೈ ಹಿಡಿಯಲಿಲ್ಲ. ಅವರೇ ಬಗ್ಗಿ, "ನಿಂಗೆ ಹೇಳ್ಕೊಡೋಕೆ ನನ್ನತ್ರ ಇನ್ನೇನೂ ಉಳಿದಿಲ್ಲ ಕಣೋ" ಅಂದರು. ಸುಳ್ಳು. ನಾಲ್ಕನೇ ಸಾಲು ಪೂರ್ತಿ ಉಳಿದಿತ್ತು. ದೋಸೆ ಬಂದಾಗ ನಾನು ಮುಟ್ಟಲಿಲ್ಲ. ಅಪ್ಪ ಮಾತ್ರ ಸಾಯುವ ತನಕ, "ಎರಡು ತಿಂದ ಕಳ್ಳ, ಮೂರನೇದು ಕೇಳ್ದ" ಅಂತಲೇ ಹೇಳುತ್ತಿದ್ದ. ಬೆಣ್ಣೆಯ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ, ಹಾಗಾಗಿ ವಾದ ಮಾಡಲಾರೆ.

ಹೊಸ ಸ್ಕೂಲಿನ ಪುಟ್ಟ ಬೆಂಚಿಗೆ ನನ್ನ ಮಂಡಿ ತಾಗುತ್ತಿತ್ತು. ಭಾಗಾಕಾರ ಬರುತ್ತಿದ್ದ ನಾನು, ಮೂಗು ಸೋರುವ ಮಕ್ಕಳ ಜತೆ ಒನ್, ಟೂ ಎಂದು ರಾಗ ಎಳೆದೆ. ಆ ಸ್ಕೂಲಿನಿಂದ ನನಗೆ ಒಳ್ಳೆಯದಾಯಿತೇ? ಆಯಿತು. ಆದರೂ ನಿಂಬೆ ಸಿಪ್ಪೆ ಸುಡುವ ವಾಸನೆ ಬಂದರೆ ನನಗೆ ಕೈ ಮುಗಿಯಲು ಮನಸ್ಸಾಗುವುದಿಲ್ಲ.

ಹೋದ ವಾರ ಇದನ್ನೆಲ್ಲ ಅಕ್ಕನ ಮುಂದೆ ಹೇಳಿ, "ನೀನೂ ಅವರ ಜತೆ ಸೇರಿದ್ದೆ" ಎಂದೆ. ಅವಳು ಮಹಡಿಯ ಮನೆಯಲ್ಲೇ ಇರುತ್ತಾಳೆ. ಅವರೆಕಾಯಿ ಸುಲಿಯುತ್ತಿದ್ದಳು. "ನಿನ್ನನ್ನಾದ್ರೂ ಮೋಸ ಮಾಡಿ ಕರ್ಕೊಂಡು ಹೋದ್ರು" ಅಂದಳು. "ನಂಗೆ ಮೋಸ ಮಾಡಿ ಸ್ಕೂಲಿಗೆ ಸೇರಿಸೋಕೂ ಯಾರಿಗೂ ಪುರುಸೊತ್ತು ಇರ್ಲಿಲ್ಲ. ಆ ಭಾಗಾಕಾರ ನಿಂಗೆ ಹೇಳ್ಕೊಟ್ಟಿದ್ದು ಯಾರು?"

ನಾನು ಅದನ್ನು ಕಿವಿಯಿಂದ ಕೇಳಿ ಕಲಿತೆ ಎಂದೇ ತಿಳಿದಿದ್ದೆ. ಮೇಲೆ ಹಾಗೆಯೇ ಬರೆದಿದ್ದೇನೆ. ಅಳಿಸುವುದಿಲ್ಲ, ಇರಲಿ.

ಈಗ ನಿಮ್ಮ ಕಾಲ. ನಮ್ಮ ಮನೆಯಲ್ಲಿ ಒಂದನೇ ಕ್ಲಾಸಿನ ಮೊಮ್ಮಗಳೊಬ್ಬಳು ಮೂರನೇ ಕ್ಲಾಸಿನ ಪುಸ್ತಕ ಓದಿ ಮುಗಿಸಿ ಕೂತಿದ್ದಾಳೆ. ಅವಳನ್ನು ಎಲ್ಲಿಗೆ ಹಾಕುವುದು ಎಂದು ತಿಂಗಳಿಂದ ಚರ್ಚೆ. ಮಗನಿಗೆ ಜೆ.ಪಿ. ನಗರದ ದೊಡ್ಡ ಪ್ರೈವೇಟ್ ಸ್ಕೂಲು ಬೇಕು. ಸೊಸೆಗೆ ಗಿರಿನಗರದ ಕಡೆಯ ಸರ್ಕಾರಿ ಸ್ಕೂಲೇ ಸಾಕು, ಅವಳು ಓದಿದ್ದೂ ಅಂಥದ್ದರಲ್ಲೇ. ನಮಗೆ ಇದ್ದದ್ದು ಪಕ್ಕದ ಚಾಪೆ. ಇವರಿಗೆ ನೂರು ಗೇಟುಗಳು, ಪ್ರತಿ ಗೇಟಿಗೂ ಒಂದು ಪರೀಕ್ಷೆ.

ಕೊನೆಗೆ ಮಗ ಗೆದ್ದ. ನಿನ್ನೆ ನನ್ನ ಕಿವಿಯಲ್ಲಿ, "ಅಪ್ಪ, ಅವಳಿಗೆ ಟೆಸ್ಟ್ ಅಂತ ಹೇಳ್ಬೇಡಿ, ಹೆದರ್ಕೋತಾಳೆ. ಪಿಜ್ಜಾ ತಿನ್ನೋಕೆ ಅಂತ ಹೇಳಿದೀವಿ" ಎಂದ.

ಇವತ್ತು ಬೆಳಿಗ್ಗೆ ಅವಳು ಹೊಸ ಫ್ರಾಕು ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಳು. ತಲೆ ನೀಟಾಗಿ ಬಾಚಿತ್ತು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು, "ಪುಟ್ಟಿ, ಅದು ಪಿಜ್ಜಾ ಅಲ್ಲ, ಪರೀಕ್ಷೆ" ಎಂದೆ.

"ಗೊತ್ತು ತಾತ" ಅಂದಳು, ಬೂಟಿನ ಪಟ್ಟಿ ಹಾಕಿಕೊಳ್ಳುತ್ತ. "ಅಮ್ಮನ ಫೋನಲ್ಲಿ ನೋಡ್ದೆ. ಗೊತ್ತು ಅಂದ್ಬಿಟ್ರೆ ಪಿಜ್ಜಾ ಕ್ಯಾನ್ಸಲ್ ಮಾಡ್ತಾರೆ."

ನಾವು ಮೋಸ ಹೋಗುತ್ತಿದ್ದೆವು. ಇವರು ದೊಡ್ಡವರ ಸಮಾಧಾನಕ್ಕೆ ಮೋಸ ಹೋದ ಹಾಗೆ ಇರುತ್ತಾರೆ. ಯಾವುದು ಹೆಚ್ಚು ನೋಯುತ್ತದೋ ನನಗೆ ಗೊತ್ತಿಲ್ಲ.

"ಸರಿ, ಆ ಸ್ಕೂಲು ನಿಂಗೆ ಬೇಕಾ?" ಎಂದು ಕೇಳಿದೆ.

ಪಟ್ಟಿ ಹಾಕುತ್ತಿದ್ದ ಅವಳ ಕೈ ನಿಂತಿತು. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ನನ್ನನ್ನಾ ತಾತ ಕೇಳ್ತಿರೋದು?" ಅಂದಳು.