ಹೊನ್ನಾವರದವರೆಗೆ ಚುಕ್ಕಾಣಿ ನನ್ನದು

ಷರತ್ತು ಹಾಕಿದವಳು ನಾನೇ. ಕಾರವಾರದಿಂದ ಗೋಕರ್ಣದವರೆಗೆ ಚುಕ್ಕಾಣಿ ನೀವು ಹಿಡಿಯಿರಿ, ಗೋಕರ್ಣದಿಂದ ಹೊನ್ನಾವರದವರೆಗೆ ನಾನು. ಒಪ್ಪದಿದ್ದರೆ ನಿಮ್ಮ ಸಮುದ್ರ ನಿಮಗೇ ಇರಲಿ, ನಾನು ಜಾಲಹಳ್ಳಿಯಲ್ಲೇ ಇರುತ್ತೇನೆ ಎಂದುಬಿಟ್ಟೆ. ನನ್ನ ಗಂಡ ಚಟ್ನಿಪುಡಿ ಅನ್ನ ಕಲಸುತ್ತಿದ್ದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿ ನನ್ನನ್ನು ನೋಡಿದರು.

"ಸಮುದ್ರ ಕಣೇ ಅದು. ಕೆರೆ ಅಲ್ಲ."

"ಕೆರೇಲಾದ್ರೂ ಕೊಟ್ಟಿದ್ದೀರಾ? ಅಲ್ಲೂ ಇಲ್ಲ!"

ಕೆರೆಯ ವಿಷಯ ಹೇಳಲೇಬೇಕು. ಯಲಹಂಕದ ಆಚೆಯ ಒಂದು ಕೆರೆಯಲ್ಲಿ ಭಾನುವಾರ ಬೆಳಗ್ಗೆ ನಮ್ಮಂಥ ಕೆಲವು ಹುಚ್ಚರು ಸೇರಿ ಹಾಯಿದೋಣಿ ಓಡಿಸುತ್ತೇವೆ. ಇವರು ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಹಿಡಿಸಿಕೊಂಡ ಗೀಳು ಅದು, ನನಗೂ ಅಂಟಿತು. ಇಬ್ಬರು ಕೂರುವ ದೋಣಿ. ಒಬ್ಬರು ಹಿಂದೆ ಕೂತು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬರು ಹಾಯಿಯ ಹಗ್ಗ ಎಳೆಯಬೇಕು, ಬಿಡಬೇಕು. ಮೊದಲ ದಿನ ಇವರು ಹೋಗಿ ಹಿಂದೆ ಕೂತರು, ಆಮೇಲೆ ಅದೇ ಕಾಯಂ ಆಯಿತು. "ಎಳಿ", "ಬಿಡು", "ಅಯ್ಯೋ, ಬಿಡು ಅಂದ್ನಲ್ಲ" ಎಂದು ಕೂಗುವುದು ಅವರ ಕೆಲಸ, ಅಂಗೈ ಕೆಂಪಗೆ ಮಾಡಿಕೊಳ್ಳುವುದು ನನ್ನದು. ಆರ್.ಟಿ. ನಗರದ ಶಾಲೆಯಲ್ಲಿ ತಲೆತಲೆಮಾರಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ದೋಣಿ ಎಷ್ಟು ಓರೆಯಾಗಿ ಹೋಗಬೇಕು ಎನ್ನುವುದು ನನಗೆ ತಿಳಿಯದ ಬ್ರಹ್ಮವಿದ್ಯೆಯೇ? ಒಂದೇ ಒಂದು ಸಲ, ಒಂದೂರಿಂದ ಇನ್ನೊಂದೂರಿಗೆ ದೋಣಿಯನ್ನು ನಾನೇ ಒಯ್ದು ಮುಟ್ಟಿಸಬೇಕು ಎನ್ನುವ ಆಸೆ ಒಳಗೊಳಗೇ ಕುದಿಯುತ್ತಿತ್ತು.

"ಆಯ್ತು. ಆದ್ರೆ..." ಎಂದರು.

"ಆದ್ರೆಗೀದ್ರೆ ಏನೂ ಇಲ್ಲ. ನಾನು ಹಿಡ್ದಾಗ ನೀವು ಬಾಯಿ ಬಿಡೋ ಹಾಗಿಲ್ಲ."

ಎದುರು ಮನೆಯಾಕೆಗೆ ವಿಷಯ ಗೊತ್ತಾಗಿ ಓಡಿ ಬಂದರು. "ಗೋಕರ್ಣಕ್ಕಾ? ಬಸ್ಸಲ್ಲಿ ಹೋದ್ರೆ ಬೇಗ ಹೋಗ್ಬೋದಲ್ವೇನ್ರೀ?" ಎಂದು ಕೇಳಿದರು. ಬೇಗ ಹೋಗುವುದು ಯಾರಿಗೆ ಬೇಕಿತ್ತು! ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿದೆವು. ಪಕ್ಕದವರು ಹೊದ್ದು ಮಲಗಿದ್ದರೂ ನಾನು ಹಗ್ಗದ ಗಂಟುಗಳನ್ನು ದುಪಟ್ಟಾದ ತುದಿಯಲ್ಲಿ ಹಾಕಿ ಬಿಚ್ಚಿ ಅಭ್ಯಾಸ ಮಾಡುತ್ತಿದ್ದೆ.

ಕಾರವಾರದಲ್ಲಿ, ನಾವು ಬಾಡಿಗೆಗೆ ಗೊತ್ತುಮಾಡಿದ್ದ ದೋಣಿಯ ಯಜಮಾನರು ಕಾದಿದ್ದರು. ದೋಣಿ ನಡೆಸುವ ಮುಖ್ಯಸ್ಥನನ್ನು ಆ ಕಡೆ ತಾಂಡೇಲ ಎನ್ನುತ್ತಾರೆ, ನಾವೂ ಅವರನ್ನು ತಾಂಡೇಲರೇ ಎಂದು ಕರೆದೆವು. ನಮ್ಮ ಕೆರೆಯ ದೋಣಿಯ ಮೂರರಷ್ಟಿದ್ದ ಆ ದೋಣಿಯನ್ನು ಕಂಡು ನಾನು ಕಣ್ಣುಬಾಯಿ ಬಿಟ್ಟುಕೊಂಡು ನಿಂತೆ. ಹಾಯಿ ಏರಿತು, ಗಾಳಿ ತುಂಬಿತು, ದೋಣಿ ಸರ್ರನೆ ಹೊರಟಿತು. ಅಬ್ಬಾ, ಆ ಕ್ಷಣ!

ಸ್ವಲ್ಪ ದೂರ ಹೋಗುವುದರೊಳಗೆ ಚುಕ್ಕಾಣಿ ಹಿಡಿದಿದ್ದ ಇವರು "ತಿರುಗಿಸ್ತೀನಿ, ರೆಡಿ!" ಎಂದು ಕೂಗಿದರು. ಹಾಯಿಯ ಅಡ್ಡಮರ ತಲೆಗೆ ಬಡಿಯದ ಹಾಗೆ ನಾನು ತಟಕ್ಕನೆ ತಲೆ ತಗ್ಗಿಸಿ ಹಗ್ಗ ಹಿಡಿದೆ.

"ಯಾಕೆ ಸರ್? ಎಲ್ಲಿಗೆ?" ತಾಂಡೇಲರು ಗಾಬರಿಯಿಂದ ಎದ್ದು ನಿಂತರು.

ಇಬ್ಬರೂ ಮುಖಮುಖ ನೋಡಿಕೊಂಡೆವು. ನಮ್ಮ ಕೆರೆಯಲ್ಲಿ ದೋಣಿ ಹೊರಟು ಉಸಿರು ಬಿಡುವಷ್ಟರಲ್ಲಿ ಎದುರಿನ ಏರಿ ಬಂದುಬಿಡುತ್ತದೆ, ತಿರುಗಿಸಲೇಬೇಕು. ಇಲ್ಲಿ ಎದುರಿಗೆ ಏನೂ ಇರಲಿಲ್ಲ, ಬರೀ ನೀರು. ನಗು ತಡೆಯಲಾಗದೆ ನಾನು ಹಲಗೆಯ ಮೇಲೆ ಕುಸಿದು ಕೂತೆ. ಇಷ್ಟಾಗಿಯೂ ಅರ್ಧ ಗಂಟೆಯೊಳಗೆ ಇವರು ಮತ್ತೆ "ರೆಡಿ" ಎಂದರು, ನಾನು ಮತ್ತೆ ತಲೆ ತಗ್ಗಿಸಿದೆ. "ಗೋಕರ್ಣದವರೆಗೆ ಸುಮ್ನೆ ಹೋಗ್ತಾ ಇರಿ ಮಾರಾಯ್ರೇ," ಎಂದರು ತಾಂಡೇಲರು.

ಕೂರ್ಮಗಡ ದ್ವೀಪದಲ್ಲಿ ಇಳಿದು ಗುಡ್ಡ ಹತ್ತಿ ದೇವಸ್ಥಾನ ನೋಡಿದೆವು. ಇಳಿಯುವಾಗ ದೂರದಲ್ಲಿ ಡಾಲ್ಫಿನ್‌ಗಳು ಬೆನ್ನು ತೋರಿಸಿ ಮುಳುಗಿದವು. ನಾನು ಚಿಕ್ಕ ಹುಡುಗಿಯ ಹಾಗೆ ಕಿರುಚಿದ್ದಕ್ಕೆ ಇವರು ಅತ್ತ ಇತ್ತ ನೋಡಿದರು, ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಗೋಕರ್ಣ ಮುಟ್ಟುವಾಗ ಸಂಜೆಯಾಗಿತ್ತು. ದೋಣಿಯನ್ನು ನೀರಲ್ಲೇ ಲಂಗರು ಹಾಕಿ ನಿಲ್ಲಿಸಿದರು. ದೇವರ ದರ್ಶನಕ್ಕೆ ಒಣಗಿದ ಪಂಚೆಯೇ ಆಗಬೇಕೆಂದು ಇವರು ಅದನ್ನು ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು, ಸೊಂಟದುದ್ದ ನೀರಲ್ಲಿ ಗಂಭೀರವಾಗಿ ದಡಕ್ಕೆ ನಡೆದರು. ಹಿಂದಿನಿಂದ ನೋಡಿ ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು.

ಮರುದಿನ ಬೆಳಗ್ಗೆ ಚುಕ್ಕಾಣಿ ನನ್ನ ಕೈಗೆ ಬಂತು. ಹಗ್ಗ ಇವರ ಕೈಗೆ.

ತಾಂಡೇಲರು ಎರಡು ಮಾತು ಹೇಳಿದರು. "ಗಾಳಿ ಜೋರಾದ್ರೆ ದಡದ ಕಡೆ ಹೋಗ್ಬೇಡಿ ಮೇಡಂ, ಸಮುದ್ರದ ಕಡೆ ತಿರುಗಿಸಿ. ಅಲೆ ಒಡೆಯೋದು ದಡದ ಹತ್ರಾನೇ. ಮತ್ತೆ ಹೊನ್ನಾವರದ ಅಳಿವೆ ಬಂದಾಗ ನಂಗೆ ಕೊಡಿ, ಅಲ್ಲಿ ಮರಳುದಿಬ್ಬ ಇದೆ." ನನಗೆ ಚುರ್ರೆಂದಿತು. ಹೊನ್ನಾವರದ ಊರಿರುವುದು ನದಿ ಸಮುದ್ರ ಸೇರುವ ಆ ಅಳಿವೆಯ ಒಳಗೆ, ಶರಾವತಿಯ ದಡದಲ್ಲಿ. ಬಾಗಿಲವರೆಗೆ ಹೋಗಿ ಚುಕ್ಕಾಣಿ ಬಿಟ್ಟುಕೊಟ್ಟರೆ ಮುಟ್ಟಿಸಿದ ಹಾಗೆ ಹೇಗಾಗುತ್ತದೆ? ಆದರೂ ಅವರ ದೋಣಿ, ಅವರ ಸಮುದ್ರ. ತಲೆಯಾಡಿಸಿದೆ.

ಬೆಳಗಿನ ಗಾಳಿ ಮೆತ್ತಗಿತ್ತು. ಅಘನಾಶಿನಿ ಸಮುದ್ರ ಸೇರುವಲ್ಲಿ ನೀರಿನ ಬಣ್ಣ ಬದಲಾಗಿದ್ದನ್ನು ನೋಡಿದೆವು, ಕುಮಟಾದ ಗುಡ್ಡ ಹಿಂದೆ ಸರಿಯಿತು. ಇವರು ತುಟಿ ಬಿಗಿಹಿಡಿದು ಕೂತಿದ್ದರು. ಹೇಳಬೇಕೆನಿಸಿದಾಗಲೆಲ್ಲ ಕೆಮ್ಮುತ್ತಿದ್ದರು. ನನಗಂತೂ ಸ್ವರ್ಗಕ್ಕೆ ಮೂರೇ ಗೇಣು. ಇಷ್ಟು ದೊಡ್ಡ ದೋಣಿ ನನ್ನ ಒಂದು ಕೈಯ ಮಾತು ಕೇಳುತ್ತಿತ್ತು!

ಮಧ್ಯಾಹ್ನ ದಾಟಿದ ಮೇಲೆ ವಾಯವ್ಯದಿಂದ ಗಾಳಿ ಎದ್ದಿತು. ಮೊದಲು ಕಿವಿಯಲ್ಲಿ ಗುಂಯ್ ಎಂದಿತು, ಆಮೇಲೆ ಇದ್ದಕ್ಕಿದ್ದಂತೆ ಹಾಯಿಗೆ ಅಪ್ಪಳಿಸಿತು. ದೋಣಿ ದಡದ ಕಡೆಗೆ ವಾಲಿತು, ನೀರು ಅಂಚು ದಾಟಿ ಒಳಗೆ ಚಿಮ್ಮಿತು.

"ದಡಕ್ಕೆ! ದಡಕ್ಕೆ ತಿರುಗಿಸೇ!" ಇವರು ಕಿರುಚಿದರು.

ಕೆರೆಯಲ್ಲಿ ನಾವು ಕಲಿತಿದ್ದೇ ಅದು. ಗಾಳಿ ಜೋರಾಯಿತೋ, ಏರಿಯ ಕಡೆ ಓಡಿ ಜೊಂಡು ಹಿಡಿದುಕೊಂಡು ಕೂರುವುದು. ನನ್ನ ಕೈಯೂ ಒಂದು ಕ್ಷಣ ಅತ್ತಲೇ ಎಳೆಯಿತು. ಆದರೆ ದಡದುದ್ದಕ್ಕೂ ಬೆಳ್ಳಗೆ ಒಡೆಯುತ್ತಿದ್ದ ಅಲೆಗಳು ಕಂಡವು. ಹಲ್ಲು ಕಚ್ಚಿ ದೋಣಿಯ ಮೂತಿಯನ್ನು ಸಮುದ್ರದ ಕಡೆ ತಿರುಗಿಸಿದೆ. ಇವರು ಹೆದರಿ ಹಗ್ಗವನ್ನು ಎದೆಗೆ ಅವಚಿಕೊಂಡಿದ್ದರು.

"ಹಗ್ಗ ಬಿಡ್ರೀ!"

"ಏನು?"

"ಬಿಡ್ರೀ ಅಂದ್ನಲ್ಲ!"

ಬಿಟ್ಟರು. ಯಾಕೆ, ಎಷ್ಟು ಎಂದು ಕೇಳದೆ ಬಿಟ್ಟರು. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನೆಟ್ಟಗಾಯಿತು. ಎರಡೂ ಕೈ ಚಾಚಿ ಮುಂದೆ ಬಂದಿದ್ದ ತಾಂಡೇಲರು "ಹಾಂ, ಸರಿ" ಎಂದು ವಾಪಸು ಹೋಗಿ ಕೂತರು. ನನ್ನ ಬಾಯಿ ಕಿವಿಯವರೆಗೆ ನಗುತ್ತಿತ್ತು.

ಬಸವರಾಜ ದುರ್ಗದ ಕೋಟೆಯನ್ನು ಹೊತ್ತ ದ್ವೀಪವನ್ನು ಬಳಸಿಕೊಂಡು ಹೋಗುವಷ್ಟರಲ್ಲಿ ಗಾಳಿ ಹದಕ್ಕೆ ಬಂದಿತ್ತು. ಅಳಿವೆ ಕಂಡಿತು. ಹಾಯಿ ಇಳಿಸಿ ಇಂಜಿನ್ ಹಾಕಿದ ತಾಂಡೇಲರು "ಭರತ ಇದೆ, ನೀರು ತುಂಬಿದೆ" ಎನ್ನುತ್ತಾ ನನ್ನ ಪಕ್ಕಕ್ಕೆ ಬಂದು ಕೈ ಚಾಚಿದರು. ಮಾತೆಂದರೆ ಮಾತು. ನಾನು ಎದ್ದೆ.

"ಸ್ವಲ್ಪ ತಡೀರಿ," ಎಂದರು ಇವರು, ಹಗ್ಗ ಸುತ್ತುತ್ತಿದ್ದಲ್ಲಿಂದಲೇ. "ಹೊನ್ನಾವರದವರೆಗೆ ಅಂತ ಅವಳ ಮಾತು. ಇದಿನ್ನೂ ಹೊನ್ನಾವರ ಅಲ್ಲ."

"ದಿಬ್ಬ ಇದೆ ಸರ್."

"ನೀರು ತುಂಬಿದೆ ಅಂತ ನೀವೇ ಅಂದ್ರಲ್ಲ. ಪಕ್ಕದಲ್ಲಿ ಕೂತು ದಾರಿ ಹೇಳಿ. ಹಿಡಿಯೋದು ಅವಳೇ ಹಿಡೀಲಿ. ನಾನು ನೋಡಿದೀನಿ, ಅವಳಿಗೆ ಬರುತ್ತೆ."

ತಾಂಡೇಲರು ಇವರನ್ನು ನೋಡಿದರು, ನನ್ನನ್ನು ನೋಡಿದರು, ಅಳಿವೆಯ ನೀರನ್ನೂ ಒಂದು ಸಲ ನೋಡಿದರು. ಆಮೇಲೆ ನಕ್ಕು, ಅಗತ್ಯಬಿದ್ದರೆ ಕೈಗೆಟುಕುವಷ್ಟು ಹತ್ತಿರ ಕೂತರು. "ಬಲಕ್ಕೆ ಬನ್ನಿ ಮೇಡಂ, ಆ ಬೋಟಿನ ಹಿಂದೇನೇ."

ಕಣ್ಣು ತುಂಬಿ ದಾರಿ ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. ಇವರು ಎದ್ದು ಬಂದು ತಮ್ಮ ಅಂಗಿಯ ತೋಳಿನಿಂದ ನನ್ನ ಎರಡೂ ಕಣ್ಣು ಒರೆಸಿ ಮತ್ತೆ ಮುಂದೆ ಹೋಗಿ ಕೂತರು. ನಾನು ದೋಣಿಯನ್ನು ಶರಾವತಿಯ ಒಳಗೆ ತಂದೆ.