ಕೆಂಚಮ್ಮನ ಮಡಿಲಕ್ಕಿ

ನನ್ನ ತಂಗಿ ಕೆಂಚಮ್ಮ ಹುಟ್ಟಿದಾಗ ಗಂಡುಮಗು ಎಂದು ಅಪ್ಪ ಜಾವಗಲ್ಲಿನ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ್ದ. ಇಟ್ಟ ಹೆಸರು ಕೆಂಚಪ್ಪ. ತಾನು ಗಂಡಲ್ಲ ಎನ್ನುವುದು ಮೊದಲು ಅವಳಿಗೇ ಗೊತ್ತಾಯಿತು. ನಾವು ಗೊತ್ತಾದ ಮೇಲೂ ಗೊತ್ತಿಲ್ಲದವರ ಹಾಗೆ ಇದ್ದೆವು.

ನನ್ನ ಮದುವೆಯಾದಾಗ ಅವಳಿಗೆ ಏಳು ವರ್ಷ. ಅರೇಹಳ್ಳಿಗೆ ಕಳಿಸುವ ದಿನ ಅವ್ವ ನನ್ನ ಸೆರಗಿಗೆ ಮಡಿಲಕ್ಕಿ ಹುಯ್ದಳು. ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ಮಡಿಲು ತುಂಬಿಸಿಕೊಂಡ ಮಗಳು ಅದರಲ್ಲೇ ಒಂದು ಹಿಡಿ ಅಕ್ಕಿಯನ್ನು ತವರಿಗೆ ಹಾಕಿ ಹೊಸ್ತಿಲು ದಾಟಬೇಕು, ತವರು ಬರಿದಾಗಬಾರದು ಎಂದು. ನಾನು ಹಾಗೆ ಹಾಕುವ ಹೊತ್ತಿಗೆ ಇವಳು ಅಂಗಿಯ ಚುಂಗನ್ನು ಎರಡೂ ಕೈಲಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ನಂಗೂ ಹುಯ್ಯವ್ವ."

"ಅಯ್ಯೋ ನನ್ನ ದೊರೆ, ನೀನ್ಯಾವ ಗಂಡನ ಮನೆಗೆ ಹೊಂಟೆಯೋ?" ಎಂದು ಸೋದರತ್ತೆ ನಕ್ಕಳು. ಎಲ್ಲರೂ ನಕ್ಕರು. ಅವ್ವ ತಮಾಷೆಗೆ ಒಂದು ಹಿಡಿ ಹಾಕಿದಳು. ಅದನ್ನು ಇವಳು ಪೌಡರ್ ಡಬ್ಬಿಯಲ್ಲಿ ಹುಳ ಬೀಳುವ ತನಕ ಬಚ್ಚಿಟ್ಟುಕೊಂಡಿದ್ದಳಂತೆ.

ಏಳು ವರ್ಷಕ್ಕೆ ನಗುವ ಜನ ಹದಿನೇಳಕ್ಕೆ ನಗುವುದಿಲ್ಲ. "ಏನ್ಲಾ ಕೆಂಚಿ, ಸೊಂಟ ಉಳುಕೀತು, ನೋಡ್ಕೊಂಡು ನಡಿಯೇ" ಎಂದು ಬಸ್ ಸ್ಟ್ಯಾಂಡಿನ ಗಂಡಸರು ಕೂಗುವುದು ಅಪ್ಪನ ಕಿವಿಗೆ ಬಿತ್ತು. ತಾಯತ ಕಟ್ಟಿಸಿದ. ಬೇವಿನ ಬರಲಿನಲ್ಲಿ ಹೊಡೆಸಿದ. ಇವಳೂ ತನಗೆ ಗಾಳಿ ಮೆಟ್ಟಿದೆ ಎಂದೇ ನಂಬಿದಳು. ಗಾಳಿ ಬಿಡಲಿಲ್ಲ, ಆಮೇಲೆ ಕಾಯಿಲೆ ಎಂದು ನಂಬಿದಳು, ಅದಾದ ಮೇಲೆ ಹೋದ ಜನ್ಮದ ಪಾಪ ಎಂದು. ಅಂಥವರಿಗೆ ಊರು ಇಟ್ಟಿದ್ದ ಹೆಸರೆಲ್ಲ ಬೈಗುಳ. ತನ್ನನ್ನು ತಾನು ಏನೆಂದು ತಿಳಿದುಕೊಳ್ಳಬೇಕಿತ್ತು ಅವಳು?

"ಒಂದು ಮದುವೆ ಮಾಡಿ, ಎಲ್ಲ ಸರಿಹೋಯ್ತದೆ" ಎಂದವಳು ನಾನು. ನನ್ನ ಗಂಡನ ಕಡೆಯ ಹುಡುಗಿಯನ್ನು ಗೊತ್ತು ಮಾಡಿದವಳೂ ನಾನೇ. ಮದುವೆಗೆ ಎಂಟು ದಿನ ಇದ್ದಾಗ ಇವಳು ಅರೇಹಳ್ಳಿಗೆ ಬಂದಳು. ನಾನು ಮೊರದಲ್ಲಿ ರಾಗಿ ಕೇರುತ್ತಿದ್ದೆ.

"ಅಕ್ಕ, ನಂಗೆ ಹೆಣ್ಣು ಬ್ಯಾಡ ಕಣಕ್ಕ. ನಾನೇ ಹೆಣ್ಣು."

"ಬಾಯಿ ಮುಚ್ಚು. ಅತ್ತೆಗೆ ಕೇಳಿಸ್ತದೆ."

ಅಷ್ಟೇ ಹೇಳಿದೆ. ಊಟವನ್ನೂ ಮಾಡದೆ ಮುಂದಿನ ಬಸ್ಸಿಗೆ ಹೋದಳು.

ಆ ಹುಡುಗಿ ಎರಡು ವರ್ಷ ಇದ್ದಳು. ಒಂದು ಮಾತು ಹೊರಗೆ ಹಾಕಲಿಲ್ಲ. ಊರು ಅವಳನ್ನು ಬಂಜೆ ಎಂದಿತು. ತವರಿಗೆ ಹೋದವಳು ಬರಲಿಲ್ಲ. ಅವಳ ಹೆಸರು ಇಲ್ಲಿ ಬರೆಯಲು ನನಗೆ ಮುಖವಿಲ್ಲ. ಆಮೇಲೆ ಕೆಂಚಮ್ಮನೂ ಉಟ್ಟ ಬಟ್ಟೆಯಲ್ಲೇ ಎಲ್ಲಿಗೋ ಹೊರಟು ಹೋದಳು.

ನನ್ನ ಗಂಡ ತೀರಿಹೋದ ಮೇಲೆ ಬೇಲೂರಿನಲ್ಲಿ ಸಿಕ್ಕಳು. ಸೀರೆ ಉಟ್ಟಿದ್ದಳು. ಹಾಸನದಲ್ಲಿ ತನ್ನಂಥವರ ಜೊತೆ ಸೇರಿದ ಮೇಲೆ ಬೈಗುಳವಲ್ಲದ ಒಂದು ಹೆಸರು ತನಗೂ ಇದೆ ಎಂದು ಗೊತ್ತಾಯಿತಂತೆ. "ನಲವತ್ತು ತುಂಬಿತ್ತು ಕಣಕ್ಕ ಆಗ" ಎಂದಳು. ಈಗ ಬೇಲೂರಿನಲ್ಲೇ ಒಂದು ಕೋಣೆ, ಒಂದು ಮಿಷನ್ನು, ಬ್ಲೌಸ್ ಹೊಲಿಗೆ. "ನಿನ್ ಮುಂದೆ ನಾಚ್ಕೆ ಎಂಥದು, ಅಳತೆ ತಗಳೇ ಕೆಂಚಮ್ಮ" ಎನ್ನುವ ಹೆಂಗಸರೇ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಬಿಟ್ಟು ನಿಂತುಕೊಂಡು ಹೋಗುತ್ತಾರೆ.

ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಹೋದ ವರ್ಷ ನಮ್ಮ ಕೊನೆಯ ತಮ್ಮ ಉಮೇಶ ಫೋನ್ ಮಾಡಿದ. ಅಪ್ಪನ ತೆಂಗಿನ ತೋಟ ತನ್ನೊಬ್ಬನ ಹೆಸರಿಗೆ ಆಗಬೇಕು, ನಾವು ಹಕ್ಕು ಬಿಟ್ಟು ರುಜು ಹಾಕಬೇಕು. "ಕೆಂಚಕ್ಕನ್ನೂ ಕರ್ಕೊಂಡ್ ಬಾ. ಹೆಣ್ಮಕ್ಕಳಿಗೆ ಮಡ್ಲಕ್ಕಿ ಹುಯ್ದು ಕಳಿಸ್ತೀವಿ."

ಅವನ ಬಾಯಲ್ಲಿ ಅಕ್ಕ ಎಂದು ಬಂದದ್ದು ಅದೇ ಮೊದಲು. ಕೆಂಚಮ್ಮ ಮಿಷನ್ ಮೇಲೆ ತಲೆಯಿಟ್ಟು ಅತ್ತಳು.

"ರುಜು ಹಾಕ್ಬ್ಯಾಡ ಕಣೇ," ಎಂದೆ. "ಅವನು ಅಕ್ಕ ಅಂದಿದ್ದು ತೋಟಕ್ಕೆ. ನಿಂದು ಗಂಡುಮಗನ ಪಾಲು ಐತೆ."

"ಗಂಡುಮಗನ ಪಾಲು ಗಂಡುಮಗನಿಗೇ ಹೋಗ್ಲಿ ಬಿಡಕ್ಕ. ಆ ಮನೇಲಿ ನಂಗೊಂದು ಸಲ ಮಡ್ಲು ತುಂಬಿದ್ರೆ ಸಾಕು."

ಹಸಿರು ಸೀರೆ ತಂದಳು. ಅದಕ್ಕೆ ತಕ್ಕ ಬ್ಲೌಸನ್ನು ಮೂರು ಸಲ ಬಿಚ್ಚಿ ಹೊಲಿದಳು.

ಅರಸೀಕೆರೆಯ ರಿಜಿಸ್ಟ್ರಾರ್ ಆಫೀಸಿನ ಮುಂದೆ ಉಮೇಶ ಒಂದು ಪ್ಯಾಂಟು ಶರಟು ಹಿಡಿದು ಕಾಯುತ್ತಿದ್ದ. ಆಧಾರ್ ಕಾರ್ಡಿನಲ್ಲಿ ಅವಳು ಇನ್ನೂ ಕೆಂಚಪ್ಪನೇ. ಹೆಸರು ತಿದ್ದಿಸಲು ಅಲೆದು ಸಾಕಾಗಿ ಕೈಬಿಟ್ಟಿದ್ದಳು.

"ಫೋಟೋಕ್ಕೆ ಹೊಂದ್ಬೇಕು, ಬೇಜಾರ್ ಮಾಡ್ಕಬ್ಯಾಡ," ಎಂದ. ಈಗ ಅಕ್ಕ ಎನ್ನಲಿಲ್ಲ.

ಎದುರಿನ ಹೋಟೆಲಿನ ಬಚ್ಚಲಿಗೆ ಹೋಗಿ ಬಟ್ಟೆ ಬದಲಾಯಿಸಿ, ಕೂದಲನ್ನು ಟವೆಲಿನೊಳಗೆ ಸುತ್ತಿಕೊಂಡು ಬಂದಳು. ಕೆಂಚಪ್ಪ ಎಂದು ಕೂಗಿದಾಗ ಎದ್ದುಹೋಗಿ ಬೆರಳೊತ್ತಿದಳು. ನಾನೂ ಒತ್ತಿದೆ. ಮತ್ತೆ ಅದೇ ಬಚ್ಚಲಲ್ಲಿ ಹಸಿರು ಸೀರೆ ಉಟ್ಟು, ಕಾರಿನಲ್ಲಿ ಜಾವಗಲ್ಲಿನ ತನಕ ನೆರಿಗೆ ಸರಿಮಾಡಿಕೊಳ್ಳುತ್ತಲೇ ಇದ್ದಳು.

ಮನೆ ಮುಂದೆ ಎದುರು ಮನೆಯ ಹೆಂಗಸರು ನಿಂತಿದ್ದರು. ಉಮೇಶನ ಹೆಂಡತಿ ಹೇಮಾಶ್ರೀ ಹೊಸ್ತಿಲ ಒಳಗೇ ನಿಂತು ಒಂದು ಪ್ಲಾಸ್ಟಿಕ್ ಚೀಲವನ್ನು ಜಗಲಿಯ ಮೇಲಿಟ್ಟಳು.

"ಐದು ಕೇಜಿ ಐತೆ. ಒಳ್ಳೇ ಅಕ್ಕಿನೇ."

"ಹುಯ್ಯಲ್ವೇನಮ್ಮ?" ಕೆಂಚಮ್ಮ ಸೆರಗು ಒಡ್ಡಿ ನಿಂತಿದ್ದಳು.

"ಮಗಳಿಗೆ ಗಂಡು ನೋಡ್ತಾ ಇದೀವಿ. ಜನ ನೋಡಿದ್ರೆ ಏನಂದಾರು? ಅಕ್ಕಿ ಐತಲ್ಲ, ತಗೊಂಡ್ ಹೋಗಿ," ಎಂದಳು ಹೇಮಾಶ್ರೀ. ಉಮೇಶ ಫೋನು ನೋಡುತ್ತಿದ್ದ.

ಕೆಂಚಮ್ಮ ನನ್ನ ಕಡೆ ತಿರುಗಿದಳು. ಸೆರಗು ಹಾಗೇ ಇತ್ತು.

"ಅಕ್ಕ, ನೀನೇ ಹುಯ್ಯಿ."

ಚೀಲ ನನ್ನ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಮುಂಡೆ ಕೈಲಿ ಮಡ್ಲು ತುಂಬಿಸ್ಕಬಾರ್ದು ಕಣೇ. ನಿಂಗೆ ಒಳ್ಳೇದಾಗಲ್ಲ."

"ನಂಗೆ ಇನ್ನೇನಕ್ಕ ಕೆಟ್ಟದ್ದಾಗೋದು ಬಾಕಿ ಐತೆ?" ಎಂದು ನಕ್ಕಳು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು, ಅಂಗಿಯ ಚುಂಗು ಹಿಡಿದು ನಿಂತಿದ್ದ ಹಾಗೆ. ನಾನು ನೆಲ ನೋಡಿದೆ. ಗಂಡ ಸತ್ತವಳಿಗೆ ಇದು ಸಲ್ಲದು, ಅದು ಸಲ್ಲದು ಎಂದು ಜನ ನನ್ನನ್ನು ಇಟ್ಟ ಮೂಲೆಯಲ್ಲಿ ನಿಂತುಕೊಂಡೇ ಅವಳಿಗೂ ಸಲ್ಲದು ಎಂದೆ.

ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚೀಲ ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದು ಹೊಸ್ತಿಲ ಒಳಗೆ ಹಾಕಿದಳು. "ತವರು ತಣ್ಣಗಿರಲಿ" ಎಂದಳು. ಉಳಿದದ್ದನ್ನು ಜಗಲಿಯ ಮೇಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಬೀದಿಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಹೇಮಾಶ್ರೀ ಪೊರಕೆ ಹಿಡಿದು ಆ ಅಕ್ಕಿಯನ್ನು ಹೊರಕ್ಕೆ ಗುಡಿಸುತ್ತಿದ್ದಳು. ಕೆಂಚಮ್ಮ ಮುಂದೆ ಹೋಗುತ್ತಿದ್ದಳು, ನೋಡಲಿಲ್ಲ. ನಾನು ಇವತ್ತಿನವರೆಗೂ ಹೇಳಿಲ್ಲ.