ಬೋರ್ಡು ಹೊತ್ತು ಓಡಿದ್ದು

ತೊಂಬತ್ತರ ದಶಕದ ಕೊನೆ. ನಾನಾಗ ಕಾನಹೊಸಹಳ್ಳಿ ಕಡೆ ಕೃಷಿ ಸಹಾಯಕ. ಬಡ್ತಿ ಸಿಗಬಹುದೆಂಬ ಗಾಳಿಸುದ್ದಿ ಬಂದ ದಿನದಿಂದಲೇ ಅಂಗಿಗೆ ಇಸ್ತ್ರಿ ಹಾಕಿಸತೊಡಗಿದ್ದೆ. ದೊಡ್ಡ ಸಾಹೇಬರು ನನ್ನ ಪ್ರಾತ್ಯಕ್ಷಿಕೆಯ ಹೊಲ ನೋಡಿ ಮೆಚ್ಚಿದರೆ ಸಾಕಿತ್ತು.

ಮೆಚ್ಚುವಂಥದ್ದು ಅಲ್ಲಿ ಬೋರ್ಡೊಂದೇ. ‘ಸುಧಾರಿತ ಶೇಂಗಾ ತಳಿ’ ಎಂದು ಹಳದಿ ತಗಡಿನ ಮೇಲೆ ಚೆಂದಾಗಿ ಬರೆಸಿದ್ದೆ. ಅದರ ಹಿಂದೆ ನಾನು ಕೊಟ್ಟ ಬೀಜದ ಗಿಡಗಳು ಎಲೆಚುಕ್ಕೆ ರೋಗ ಬಂದು ಕಪ್ಪಾಗಿ ಕೂತಿದ್ದವು. ಬದುವಿನ ಆಚೆ ಹೊಲದೊಡತಿ ಅಜ್ಜಿ ತಾನೇ ಕಾದಿಟ್ಟ ಮನೆಯ ಬೀಜ ಬಿತ್ತಿದ್ದಳು. ಅದು ನನ್ನನ್ನು ಅಣಕಿಸುವ ಹಾಗೆ ಹಸಿರಾಗಿತ್ತು.

ಸಾಹೇಬರು ಬರುವ ದಿನ ಬೆಳಿಗ್ಗೆ ಬೋರ್ಡು ಕಿತ್ತು ಬದುವಿನ ಆಚೆ ನೆಟ್ಟೆ. ಹಾರೆ ಕೊಟ್ಟವಳೂ ಅಜ್ಜಿಯೇ. “ಯಾಕ ತಮ್ಮಾ?” ಎಂದಳು. ಬಡ್ತಿಯ ವಿಷಯ ಹೇಳಿದೆ.

ಸಾಹೇಬರು ಬಂದು ಒಂದು ಗಿಡ ಕಿತ್ತು ಕಾಯಿ ನೋಡಿದರು. “ಯಾರ ಬೀಜ ಅಜ್ಜಿ ಇದು?”

ಅಜ್ಜಿ ನನ್ನ ಇಸ್ತ್ರಿ ಅಂಗಿಯನ್ನೊಮ್ಮೆ ನೋಡಿದಳು. “ಇವ್ರು ಕೊಟ್ಟಿದ್ದು ರೀ.”

ಸಾಹೇಬರು ನನ್ನ ಬೆನ್ನು ತಟ್ಟಿ, ಬರುವ ಹಂಗಾಮಿಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಬೋರ್ಡಿನಲ್ಲಿದ್ದ ಸುಧಾರಿತ ತಳಿಯ ಬೀಜವನ್ನೇ ಕಳಿಸುವುದಾಗಿ ಹೇಳಿ ಜೀಪು ಹತ್ತಿದರು. ನಾನು ಹಲ್ಲು ಕಿರಿಯುತ್ತ ನಿಂತಿದ್ದೆ.

“ನಿನ್ನ ನೌಕ್ರಿ ಮ್ಯಾಲೆ ಹೋಗ್ಲಿ ಅಂತ ಸುಳ್ಳು ಹೇಳೀನಿ,” ಎಂದಳು ಅಜ್ಜಿ. “ಆ ಹಾಳು ಬೀಜ ಊರೆಲ್ಲ ಬಿತ್ತಿದ್ರ ಮಂದಿ ಏನ್ ತಿನ್ಬೇಕು?”

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಏನು ಹೊಳೆಯಿತೋ, ಬೋರ್ಡು ಕಿತ್ತು ಹೆಗಲಿಗೇರಿಸಿ ಹೆದ್ದಾರಿಯವರೆಗೂ ಓಡಿದೆ. ಕಳ್ಳ ತಾನೇ ಮಾಲು ಹೊತ್ತು ಠಾಣೆಗೆ ಹೋದ ಹಾಗೆ. ಸಾಹೇಬರು ಚಹಾದಂಗಡಿಯಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತಿದ್ದರು. ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಅವರ ಕೈಯಲ್ಲಿ ಅರ್ಧ ಮಿರ್ಚಿ ಹಾಗೇ ಉಳಿಯಿತು.

“ಅದು ಸರಿ, ಬೋರ್ಡ್ ಯಾಕ ತಂದ್ರಿ?” ಎಂದಷ್ಟೇ ಕೇಳಿದರು.

ಆ ಬೀಜ ಹಳ್ಳಿಗಳಿಗೆ ಬರಲಿಲ್ಲ. ಬಡ್ತಿಯೂ ಬರಲಿಲ್ಲ, ಅದು ಹಡಗಲಿಯಲ್ಲಿದ್ದ ನನ್ನ ಗೆಳೆಯನಿಗೆ ಹೋಯಿತು. ತಿಂಗಳುಗಟ್ಟಲೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಮರುವರ್ಷ ಇನ್ನೊಂದು ಹೊಸ ತಳಿಯ ಚೀಲ ಹಿಡಿದು ಅದೇ ಊರಿಗೆ ಅಂಜುತ್ತಲೇ ಹೋದೆ. ಜನ ಹಿಂದೆಮುಂದೆ ನೋಡಿದರು. ಎಲ್ಲರಿಗಿಂತ ಮೊದಲು ಸೆರಗೊಡ್ಡಿದ್ದು ಅಜ್ಜಿ.

“ಇಸ್ಕೊಳ್ರಿ,” ಎಂದಳು ಉಳಿದವರಿಗೆ. “ಕೆಟ್ರ ಇವ್ನೇ ಓಡಿ ಬಂದು ಹೇಳ್ತಾನ.”